ಜಡ್ಜಿಗ್ಯಾಕೆ ಸ್ಪೆಷಲ್ ರಕ್ಷಣೆ ಅಂತ ಕೇಳೋರಿಗೆ...

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಆಫೀಸು, ರಿಲೀಸು, ರಾತ್ರಿ ಎರಡು ಗಂಟೆಗೆ ಬರೋ ಫೋನು... ನೆಪಗಳಿಗೇನು ಬರ? ಇವತ್ತು ಬರೆಯಲೇಬೇಕು ಅನ್ನಿಸಿದ್ದು ಊಟದ ಟೇಬಲ್ಲಿನ ಒಂದು ಜಗಳದಿಂದ.

ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ (ಐಸಿಸಿ) ಜಡ್ಜುಗಳ ಮೇಲೆ ಅಮೆರಿಕ 2025ರಲ್ಲಿ ನಿರ್ಬಂಧ ಹಾಕಿದ ವಿಷಯ ಮಾತಿಗೆ ಬಂತು. ಆ ನ್ಯಾಯಾಧೀಶರಿಗೆ ರಾಜತಾಂತ್ರಿಕರಿಗಿರುವಂಥ ವಿನಾಯಿತಿ ಇರುತ್ತೆ ಅಂತ ನಾನು ಹೇಳಿದ್ದೇ ತಡ, ಗೆಳೆಯನೊಬ್ಬ ಚಪಾತಿ ಮುರೀತಾ ಅಂದ: "ಅಲ್ಲ ಗುರು, ಕಾನೂನು ಎಲ್ರಿಗೂ ಒಂದೇ ಅಂತ ತೀರ್ಪು ಕೊಡೋನಿಗೇ ಕಾನೂನು ಬೇರೆ ಅಂದ್ರೆ ಏನರ್ಥ? ಇದಕ್ಕಿಂತ ದೊಡ್ಡ ತಮಾಷೆ ಇದ್ಯಾ?" ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ನಾನೂ ನಕ್ಕೆ. ಆ ಹೊತ್ತಿಗೆ ಉತ್ತರ ಹೊಳೀಲಿಲ್ಲ. ನನಗೆ ಉತ್ತರ ಹೊಳೆಯೋದು ಯಾವಾಗಲೂ ಕೈ ತೊಳೆದು ಸೀಟಿಗೆ ಬಂದ ಮೇಲೆ. ಹಾಗಾಗಿ ಈ ಪೋಸ್ಟು :)

ಮೊದಲು ನಮ್ಮದೇ ಬಂಡವಾಳ ನೋಡೋಣ. ವಿನಾಯಿತಿ ಅಂದ ತಕ್ಷಣ ನಮಗೆ ನೆನಪಾಗೋದು ಇಟಲಿಯ ನಾವಿಕ ಸೈನಿಕರು. 2012ರ ಫೆಬ್ರವರಿಯಲ್ಲಿ ಕೇರಳದ ಕಡಲಲ್ಲಿ ಇಬ್ಬರು ಮೀನುಗಾರರು ಅವರ ಗುಂಡಿಗೆ ಸತ್ತರು. 2020ರ ಜುಲೈನಲ್ಲಿ ಮಧ್ಯಸ್ಥಿಕೆ ಮಂಡಳಿ, "ಇವರು ಇಟಲಿ ಸರ್ಕಾರದ ಸೇವೆಯಲ್ಲಿದ್ದವರು, ಭಾರತದ ಕೋರ್ಟುಗಳು ಇವರ ವಿಚಾರಣೆ ಮಾಡುವ ಹಾಗಿಲ್ಲ, ಆದರೆ ಭಾರತಕ್ಕೆ ಪರಿಹಾರ ಸಿಗಬೇಕು" ಅಂತ ಹೇಳಿತು. ನಮಗೆಲ್ಲ ಮೈ ಉರಿದುಹೋಯ್ತು. ಸರಿ. ಆದರೆ 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ಅಧಿಕಾರಿ ದೇವಯಾನಿ ಖೋಬ್ರಾಗಡೆಯವರ ಬಂಧನ ಆದಾಗ? ಆಗಲೂ ಮೈ ಉರಿಯಿತು. "ನಮ್ಮ ರಾಜತಾಂತ್ರಿಕರನ್ನು ಮುಟ್ಟೋಕೆ ಇವರ್ಯಾರು" ಅಂತ. ದೆಹಲಿಯ ಅಮೆರಿಕ ರಾಯಭಾರ ಕಚೇರಿ ಮುಂದಿನ ಬ್ಯಾರಿಕೇಡುಗಳನ್ನೇ ಕಿತ್ತು ಹಾಕಿಸಿದೆವು. ಅಂದರೆ ವಿನಾಯಿತಿ ಬೇರೆಯವರಿಗೆ ಸಿಕ್ಕರೆ ಅನ್ಯಾಯ, ನಮ್ಮವರಿಗೆ ಸಿಗದಿದ್ದರೆ ಅವಮಾನ. ಇದನ್ನ ತತ್ವ ಅಂತ ಕರೆಯೋಕೆ ಬರಲ್ಲ.

ಆ ಎರಡೂ ಕಥೆ ಸರ್ಕಾರಿ ಅಧಿಕಾರಿಗಳದ್ದು. ಅವರ ಬೆನ್ನಿಗೆ ಒಂದೊಂದು ದೇಶ ಇತ್ತು. ನಾನು ಹೇಳಹೊರಟಿರೋದು ಬೆನ್ನಿಗೆ ಯಾವ ದೇಶವೂ ಇಲ್ಲದ, ತನ್ನ ದೇಶವೇ ಎದುರು ನಿಂತ ಒಬ್ಬ ನ್ಯಾಯಾಧೀಶನ ಕಥೆ.

ಹೆಸರು ಅಯ್ದಿನ್ ಸೆಫಾ ಅಕಾಯ್. ಟರ್ಕಿಯವರು. ಮೊದಲು ರಾಜತಾಂತ್ರಿಕರು, ಬುರ್ಕಿನಾ ಫಾಸೋದಲ್ಲಿ ರಾಯಭಾರಿಯಾಗಿದ್ದವರು. ರುವಾಂಡಾದ ನರಮೇಧದ ವಿಚಾರಣೆಗೆ ವಿಶ್ವಸಂಸ್ಥೆ ಮಾಡಿದ್ದ ನ್ಯಾಯಮಂಡಳಿಯಲ್ಲೂ ಜಡ್ಜ್ ಆಗಿದ್ದರು. ಆ ಮಂಡಳಿಯನ್ನೂ ಯುಗೊಸ್ಲಾವಿಯಾದ ಮಂಡಳಿಯನ್ನೂ ಮುಚ್ಚುವಾಗ ಉಳಿಕೆ ಕೆಲಸ ನೋಡಿಕೊಳ್ಳೋಕೆ ಭದ್ರತಾ ಮಂಡಳಿ 2010ರ ಡಿಸೆಂಬರಿನಲ್ಲಿ 1966ನೇ ನಿರ್ಣಯದ ಮೂಲಕ ಒಂದು ಪುಟ್ಟ ಸಂಸ್ಥೆ ಮಾಡಿತು. ಎಲ್ಲರೂ ಅದನ್ನ 'ಮೆಕ್ಯಾನಿಸಂ' ಅಂತಾರೆ. ಒಂದು ಕಚೇರಿ ಹೇಗ್‌ನಲ್ಲಿ, ಇನ್ನೊಂದು ಟಾಂಜಾನಿಯಾದ ಅರುಷಾದಲ್ಲಿ. ಅಕಾಯ್ ಅದರ ಜಡ್ಜುಗಳಲ್ಲೊಬ್ಬರು.

ಈ ಮೆಕ್ಯಾನಿಸಂನ ಏರ್ಪಾಡು ಕೇಳಿ, ನಮ್ಮಂಥ ಐಟಿ ಮಂದಿಗೆ ಖುಷಿಯಾಗುತ್ತೆ. ಅಧ್ಯಕ್ಷರನ್ನು ಬಿಟ್ಟರೆ ಜಡ್ಜುಗಳಿಗೆ ತಿಂಗಳ ಸಂಬಳ ಇಲ್ಲ. ಪಟ್ಟಿಯಲ್ಲಿ ಹೆಸರಿರುತ್ತೆ, ಕೆಲಸ ಮಾಡಿದ ದಿನಕ್ಕೆ ಮಾತ್ರ ದುಡ್ಡು. ಕರೆದಾಗ ಮಾತ್ರ ಹೇಗ್‌ಗೋ ಅರುಷಾಗೋ ಹೋಗಬೇಕು, ಮಿಕ್ಕಂತೆ ಸಾಧ್ಯವಾದಷ್ಟೂ ತಮ್ಮ ತಮ್ಮ ಊರಿನಿಂದಲೇ ಕೆಲಸ. ಕೊರೊನಾಗಿಂತ ಹತ್ತು ವರ್ಷ ಮೊದಲೇ ವರ್ಕ್ ಫ್ರಮ್ ಹೋಮ್! ಖರ್ಚು ಉಳಿಸೋಕೆ ಮಾಡಿದ ಏರ್ಪಾಡು. ಆದರೆ ಇದರಲ್ಲೊಂದು ಬಗ್ ಇತ್ತು. ಮನೆಯಿಂದ ಕೆಲಸ ಮಾಡುವ ಜಡ್ಜ್ ಯಾವ ಸರ್ಕಾರದ ಕೈಗೆ ಸಿಗುವಂತಿರ್ತಾನೆ? ತನ್ನದೇ ಸರ್ಕಾರದ ಕೈಗೆ.

2016ರ ಜುಲೈ 15ರ ರಾತ್ರಿ ಟರ್ಕಿಯಲ್ಲಿ ಸೇನೆಯ ಒಂದು ಗುಂಪು ದಂಗೆಯೆದ್ದು ಸೋತಿತು. ಫೆತುಲ್ಲಾ ಗುಲೆನ್ ಎಂಬ ಧರ್ಮಗುರುವಿನ ಹಿಂಬಾಲಕರದ್ದೇ ಕೈವಾಡ ಅಂತ ಸರ್ಕಾರ ಹೇಳಿ, ಹಿಡಿಯೋಕೆ ಶುರು ಮಾಡಿತು. ಸೈನಿಕರು, ಮೇಷ್ಟ್ರುಗಳು, ಪತ್ರಕರ್ತರು, ಟರ್ಕಿಯದ್ದೇ ಸಾವಿರಾರು ನ್ಯಾಯಾಧೀಶರು, ಪ್ರಾಸಿಕ್ಯೂಟರುಗಳು. ಅದೇ ಜುಲೈನಲ್ಲಿ ಅಕಾಯ್‌ರನ್ನು ಐವರು ಜಡ್ಜುಗಳ ಒಂದು ಪೀಠಕ್ಕೆ ನೇಮಿಸಲಾಗಿತ್ತು. ಸೆಪ್ಟೆಂಬರಿನಲ್ಲಿ ಅವರ ಮನೆ ಶೋಧಿಸಿ, ಅವರನ್ನೂ ಹಿಡಿದು ಜೈಲಿಗೆ ಹಾಕಿದರು.

ಮುಖ್ಯ ಆರೋಪ ಏನು ಗೊತ್ತಾ? ಫೋನಿನಲ್ಲಿ ಒಂದು ಆ್ಯಪ್ ಇತ್ತು. ಬೈಲಾಕ್ ಅಂತ. ವಾಟ್ಸಾಪ್ ಥರದ್ದೇ ಮೆಸೇಜಿಂಗ್ ಆ್ಯಪ್. ಗುಲೆನ್ ಗುಂಪಿನವರು ಗುಟ್ಟಾಗಿ ಮಾತಾಡೋಕೆ ಇದನ್ನೇ ಬಳಸುತ್ತಿದ್ದರು, ಆದ್ದರಿಂದ ಇದಿದ್ದವರೆಲ್ಲ ಆ ಗುಂಪಿನವರು ಅನ್ನೋದು ಸರ್ಕಾರದ ವಾದ. ಅಕಾಯ್ ಆ್ಯಪ್ ಇಳಿಸಿಕೊಂಡಿದ್ದನ್ನ ಮುಚ್ಚಿಡಲಿಲ್ಲ. ತಾನೊಬ್ಬ ಫ್ರೀಮೇಸನ್, ಆ ವಲಯದವರ ಜೊತೆ ಮಾತಾಡೋಕೆ ಬಳಸಿದೆ ಅಂದರು. ಕೇಳೋರ್ಯಾರು?

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು. ಒಂದು ಸರ್ವರಿನ ಐಪಿ ವಿಳಾಸಕ್ಕೆ ನಿಮ್ಮ ಫೋನು ಕನೆಕ್ಟ್ ಆಗಿತ್ತು ಅಂತ ಲಾಗ್ ಹೇಳಿದರೆ, ಅದರಿಂದ ಗೊತ್ತಾಗೋದು ಫೋನು ಕನೆಕ್ಟ್ ಆಗಿತ್ತು ಅಂತ ಮಾತ್ರ. ನೀವು ಒತ್ತಿದ್ರಾ, ಓದಿದ್ರಾ, ಬರೆದ್ರಾ, ಯಾವುದೂ ಅದರಲ್ಲಿಲ್ಲ. ಲಾಗ್ ಓದಿ ಓದಿ ಕಣ್ಣು ಕೆಡಿಸಿಕೊಂಡಿರೋ ಯಾವ ಇಂಜಿನಿಯರ್ ಆದ್ರೂ ಇದನ್ನ ಹೇಳ್ತಾನೆ. ಟರ್ಕಿಯಲ್ಲಿ ಆಗಿದ್ದೂ ಅದೇ. ಸಂಗೀತ, ನಮಾಜಿನ ಸಮಯ ಅಂತ ಏನೇನೋ ಸಾಧಾರಣ ಆ್ಯಪ್‌ಗಳೊಳಗೆ ಸೇರಿಸಿದ್ದ ಕೋಡು, ಬಳಸುವವರಿಗೆ ಗೊತ್ತೇ ಆಗದ ಹಾಗೆ ಬೈಲಾಕ್ ಸರ್ವರಿಗೆ ಕನೆಕ್ಷನ್ ತಿರುಗಿಸುತ್ತಿತ್ತು. 2017ರ ಡಿಸೆಂಬರಿನಲ್ಲಿ ಅಂಕಾರಾದ ಪ್ರಾಸಿಕ್ಯೂಟರ್ ಕಚೇರಿಯೇ ಒಪ್ಪಿಕೊಂಡಿತು: 11,480 ಫೋನ್ ನಂಬರುಗಳು ಹೀಗೆ ತಮಗರಿವಿಲ್ಲದೆ ಪಟ್ಟಿ ಸೇರಿದ್ದವು ಅಂತ. ಮುಂದೆ 2023ರ ಸೆಪ್ಟೆಂಬರ್ 26ರಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಒಬ್ಬ ಶಿಕ್ಷಕರ ಪ್ರಕರಣದಲ್ಲಿ, ಬೈಲಾಕ್ ಬಳಸಿದ್ದಕ್ಕೇ ಹೆಚ್ಚುಕಮ್ಮಿ ತಾನೇತಾನಾಗಿ ಭಯೋತ್ಪಾದಕ ಅಂತ ತೀರ್ಮಾನಿಸೋದು ತಪ್ಪು ಎಂದಿತು. ಆಗ ಅದರ ಮುಂದೆ ಅಂಥವೇ ಸುಮಾರು 8,500 ಅರ್ಜಿಗಳು ಕಾದಿದ್ದವು.

ಅಕಾಯ್ ಕೇಸಿನಲ್ಲಿ ಆ್ಯಪ್ ನಿಜವಾಗಿಯೂ ಇತ್ತು, ಅದು ಬೇರೆ ಮಾತು. ನಾನು ಹೇಳ್ತಿರೋದು ಇಷ್ಟೇ. ಆ ದಿನಗಳಲ್ಲಿ ಒಬ್ಬನನ್ನು ಒಳಗೆ ಹಾಕೋಕೆ ಎಷ್ಟು ತೆಳ್ಳಗಿನ ಪುರಾವೆ ಸಾಕಾಗಿತ್ತು ನೋಡಿ. ವಿನಾಯಿತಿ ಬೇಕಾಗೋದೇ ಇಂಥ ದಿನಗಳಲ್ಲಿ. ಎಲ್ಲ ಸರಿ ಇರೋ ದಿನ ಛತ್ರಿ ಯಾರಿಗೆ ಬೇಕು?

ಈಗ ಕಾನೂನು. ಮೆಕ್ಯಾನಿಸಂನ ಶಾಸನದ 29ನೇ ವಿಧಿ ಬಹಳ ಸರಳ: ಮೆಕ್ಯಾನಿಸಂನ ಕೆಲಸದಲ್ಲಿ ತೊಡಗಿರುವಾಗ ಜಡ್ಜುಗಳಿಗೆ ರಾಜತಾಂತ್ರಿಕರಿಗೆ ಇರುವ ಎಲ್ಲ ಸವಲತ್ತು, ವಿನಾಯಿತಿ ಇರುತ್ತೆ. ಬಂಧಿಸುವಂತಿಲ್ಲ, ಮನೆಗೆ ನುಗ್ಗುವಂತಿಲ್ಲ, ಕಾಗದಪತ್ರ ಮುಟ್ಟುವಂತಿಲ್ಲ. ಭದ್ರತಾ ಮಂಡಳಿ ಏಳನೇ ಅಧ್ಯಾಯದಡಿ ಮಾಡಿದ್ದು ಇದು, ಆದ್ದರಿಂದ ಎಲ್ಲ ಸದಸ್ಯ ದೇಶಗಳೂ ಪಾಲಿಸಬೇಕು. ವಿಶ್ವಸಂಸ್ಥೆ 2016ರ ಅಕ್ಟೋಬರಿನಲ್ಲೇ ಟರ್ಕಿಗೆ ಬರೆದು ಬಿಡುಗಡೆ ಮಾಡಿ ಅಂತ ಕೇಳಿತು. ಟರ್ಕಿ ಬಿಡಲಿಲ್ಲ. ಆತ ನಮ್ಮ ಪ್ರಜೆ, ನಮ್ಮ ನೆಲದಲ್ಲಿದ್ದಾನೆ, ಆರೋಪಕ್ಕೂ ಆತನ ಜಡ್ಜ್ ಕೆಲಸಕ್ಕೂ ಸಂಬಂಧವಿಲ್ಲ ಅನ್ನೋದು ಅದರ ವಾದ.

ಮೆಕ್ಯಾನಿಸಂನ ಅಧ್ಯಕ್ಷ ಥಿಯೋಡರ್ ಮೆರಾನ್ 2017ರ ಜನವರಿ 31ರಂದು ಆದೇಶ ಕೊಟ್ಟರು: ಫೆಬ್ರವರಿ 14ರೊಳಗೆ ಅಕಾಯ್ ಮೇಲಿನ ಪ್ರಕ್ರಿಯೆ ನಿಲ್ಲಿಸಿ ಬಿಡುಗಡೆ ಮಾಡಿ. ಟರ್ಕಿ ಕಿವಿಗೇ ಹಾಕಿಕೊಳ್ಳಲಿಲ್ಲ. ಮಾರ್ಚಿನಲ್ಲಿ ದೂರು ಭದ್ರತಾ ಮಂಡಳಿಗೆ ಹೋಯ್ತು. ಮಂಡಳಿ ಏನು ಮಾಡಿತು? ಕೈಕಟ್ಟಿ ಕೂತಿತು. ತಾನೇ ಹುಟ್ಟಿಸಿದ ಕೋರ್ಟು, ತಾನೇ ಬರೆದ ವಿಧಿ! ಜೂನ್ 14ರಂದು ಅಂಕಾರಾದ ಕೋರ್ಟು ಅಕಾಯ್‌ಗೆ ಏಳೂವರೆ ವರ್ಷ ಶಿಕ್ಷೆ ಹಾಕಿ, ಮೇಲ್ಮನವಿ ಮುಗಿಯೋವರೆಗೆ ದೇಶ ಬಿಟ್ಟು ಹೋಗುವಂತಿಲ್ಲ ಅಂತ ಷರತ್ತಿಟ್ಟು ಹೊರಗೆ ಬಿಟ್ಟಿತು. ಅಷ್ಟರಲ್ಲಿ ಒಂಬತ್ತು ತಿಂಗಳು ಜೈಲಿನಲ್ಲಿ ಕಳೆದಿತ್ತು.

ನನ್ನ ಗೆಳೆಯ ಕೇಳಬಹುದು, ಒಬ್ಬ ಜಡ್ಜ್ ಒಳಗಿದ್ರೆ ಲೋಕಕ್ಕೇನು ನಷ್ಟ ಅಂತ. ಆ ಪೀಠದ ಮುಂದಿದ್ದ ಕೇಸು ಅಗಸ್ಟಿನ್ ಎನ್‌ಗಿರಾಬತ್ವಾರೆಯದ್ದು. 1994ರ ನರಮೇಧದ ವೇಳೆ ರುವಾಂಡಾದ ಯೋಜನಾ ಮಂತ್ರಿ. ಅವನ ಶಿಕ್ಷೆ ಮೇಲ್ಮನವಿಯಲ್ಲಿ 30 ವರ್ಷಕ್ಕೆ ಇಳಿದು ಖಾಯಂ ಆಗಿತ್ತು, ಹೊಸ ಸಾಕ್ಷ್ಯ ಇದೆ ಅಂತ ಪುನರ್ವಿಮರ್ಶೆ ಕೇಳಿದ್ದ. ಅಕಾಯ್ ಒಳಗೆ ಹೋದ ಮೇಲೆ ಕೇಸು ನಿಂತಿತು. ವಿಚಿತ್ರ ನೋಡಿ, ಜಡ್ಜನ್ನು ಬಿಡಿಸಿ ಅಂತ ಮೆಕ್ಯಾನಿಸಂ ಮುಂದೆ ಅರ್ಜಿ ಹಾಕಿದ್ದು ಇದೇ ಶಿಕ್ಷಿತ! ಅವನು ಒಳ್ಳೆಯವನೇನಲ್ಲ. ಅವನ ಪುನರ್ವಿಮರ್ಶೆ 2019ರಲ್ಲಿ ಬಿದ್ದುಹೋಯ್ತು, ಸಾಕ್ಷಿಗಳ ವಿಷಯದಲ್ಲಿ ಕೈಯಾಡಿಸಿದ್ದಕ್ಕೆ 2021ರಲ್ಲಿ ಮತ್ತೆ ಶಿಕ್ಷೆಯೂ ಆಯ್ತು. ಆದರೆ ಅವನ ಕೇಳಿಕೆಯಲ್ಲಿ ನ್ಯಾಯ ಇತ್ತು. ನನ್ನ ಕೇಸು ಕೇಳಬೇಕಾದವನನ್ನು ಇನ್ಯಾವುದೋ ಸರ್ಕಾರ ಎತ್ತಿಕೊಂಡು ಹೋಗುವ ಹಾಗಿದ್ದರೆ ಅದೆಂಥ ಕೋರ್ಟು?

"ಅಕಾಯ್‌ನ ತೆಗೆದು ಬೇರೆಯವರನ್ನ ಹಾಕಿ ಕೇಸು ಮುಗಿಸಬಹುದಿತ್ತಲ್ಲ" ಅಂತ ಆಗಲೂ ಕೇಳಿದವರಿದ್ದರು. ಪ್ರಾಕ್ಟಿಕಲ್ ಮಂದಿ. ಮೆರಾನ್ ಒಪ್ಪಲಿಲ್ಲ. ಒಪ್ಪಿದ್ದರೆ ಎಲ್ಲ ಸರ್ಕಾರಕ್ಕೂ ಒಂದು ಬಟನ್ ಕೊಟ್ಟ ಹಾಗಾಗುತ್ತಿತ್ತು: ಪೀಠದಲ್ಲಿರೋ ನಮ್ಮ ದೇಶದವನು ಬೇಡವಾ? ಒಳಗೆ ಹಾಕಿ, ತಾನಾಗೇ ಬದಲಾಗ್ತಾನೆ.

ಗೆಳೆಯನ ಪ್ರಶ್ನೆಗೆ ಈಗ ನೇರ ಉತ್ತರ.

ಮೊದಲನೆಯದು, ಈ ವಿನಾಯಿತಿ ಆ ಮನುಷ್ಯನಿಗೆ ಕೊಟ್ಟ ಉಡುಗೊರೆ ಅಲ್ಲ, ಕುರ್ಚಿಗೆ ಕೊಟ್ಟ ಬೇಲಿ. ವಿಶ್ವಸಂಸ್ಥೆಯ 1946ರ ಒಪ್ಪಂದ ಅದನ್ನ ಬಿಚ್ಚಿ ಹೇಳುತ್ತೆ. ಅಧಿಕಾರಿಗಳಿಗೆ ವಿನಾಯಿತಿ ಇರೋದು ಸಂಸ್ಥೆಯ ಹಿತಕ್ಕೆ, ಅವರ ಸ್ವಂತ ಲಾಭಕ್ಕಲ್ಲ. ಬಾಡಿಗೆ ಕಟ್ಟದೆ ಓಡಿಹೋಗೋಕೆ, ಕುಡಿದು ಕಾರು ಗುದ್ದೋಕೆ ಕೊಟ್ಟ ಪಾಸ್ ಅಲ್ಲ ಅದು.

ಎರಡನೆಯದು, ಅದನ್ನ ತೆಗೆಯೋಕೆ ದಾರಿ ಇದೆ. ವಿನಾಯಿತಿ ನ್ಯಾಯಕ್ಕೆ ಅಡ್ಡ ಬರುತ್ತಿದ್ದರೆ, ಮತ್ತು ಸಂಸ್ಥೆಗೆ ಧಕ್ಕೆಯಾಗದೆ ತೆಗೆಯಬಹುದಾದರೆ, ತೆಗೆಯೋದು ಪ್ರಧಾನ ಕಾರ್ಯದರ್ಶಿಯ ಹಕ್ಕಷ್ಟೇ ಅಲ್ಲ, ಕರ್ತವ್ಯ ಅಂತ ಅದೇ ಒಪ್ಪಂದದಲ್ಲಿದೆ. ಟರ್ಕಿ ಬಳಿ ಗಟ್ಟಿ ಪುರಾವೆ ಇದ್ದಿದ್ದರೆ ಒಂದು ಪತ್ರ ಬರೆದು ಕೇಳಬಹುದಿತ್ತು. ಬಾಗಿಲಿಗೆ ಬೀಗ ಇದೆ, ಕೀಲಿ ಪಕ್ಕದ ಮನೆಯಲ್ಲಿದೆ. ಕೀಲಿ ಕೇಳದೆ ಬಾಗಿಲು ಒಡೆದವನು "ಬೀಗ ಯಾಕೆ ಹಾಕಿದ್ರಿ" ಅಂತ ನಮ್ಮನ್ನೇ ಬೈದರೆ?

ಮೂರನೆಯದು, "ನಮ್ಮ ಪ್ರಜೆ" ಅನ್ನೋ ವಾದ. ಜಡ್ಜಿಗೆ ಬೇರೆ ದೇಶಗಳಿಂದ ರಕ್ಷಣೆ ಇರಲಿ, ತನ್ನ ದೇಶದಿಂದ ಬೇಡ ಅಂದರೆ ಅದರಷ್ಟು ಪೊಳ್ಳು ಇನ್ನೊಂದಿಲ್ಲ. ಒಬ್ಬ ಮನುಷ್ಯನನ್ನು ಹಿಡಿದು ಅಲ್ಲಾಡಿಸುವ ಶಕ್ತಿ ಯಾರಿಗೆ ಜಾಸ್ತಿ? ಅವನ ಪಾಸ್‌ಪೋರ್ಟು, ಪಿಂಚಣಿ, ಮನೆ, ಮಕ್ಕಳು ಎಲ್ಲ ಯಾರ ಹಿಡಿತದಲ್ಲಿದೆಯೋ ಅವರಿಗೆ.

ಇಲ್ಲಿಯವರೆಗೆ ಟರ್ಕಿಯನ್ನ ಬೈದೆ. ನನ್ನ ನಿಜವಾದ ಸಿಟ್ಟು ಟರ್ಕಿ ಮೇಲಲ್ಲ. ವಿಶ್ವಸಂಸ್ಥೆ ಮೇಲೆ.

2018ರ ಜೂನ್ 30ಕ್ಕೆ ಜಡ್ಜುಗಳ ಅವಧಿ ಮುಗೀತಿತ್ತು. ಮರುನೇಮಕ ಪ್ರಧಾನ ಕಾರ್ಯದರ್ಶಿಯ ಕೈಯಲ್ಲಿ. ಆಂಟೋನಿಯೊ ಗುಟೆರಸ್ ಉಳಿದ ಜಡ್ಜುಗಳನ್ನು ಮುಂದುವರಿಸಿದರು, ಅಕಾಯ್‌ರನ್ನು ಮುಂದುವರಿಸಲಿಲ್ಲ. ಯಾರ ವಿನಾಯಿತಿ ಉಲ್ಲಂಘನೆ ಆಗಿದೆ ಅಂತ ಎರಡು ವರ್ಷ ತಾವೇ ಹೇಳುತ್ತಾ ಬಂದಿದ್ದರೋ, ಅದೇ ಮನುಷ್ಯನನ್ನ ಪಟ್ಟಿಯಿಂದ ಜಾರಿಸಿಬಿಟ್ಟರು. ತೆಗೆದುಹಾಕಲಿಲ್ಲ, ನೋಡಿ. "ರಿನ್ಯೂ ಆಗಲಿಲ್ಲ" ಅಷ್ಟೇ.

ಈ ಮಾತು ನನಗೆ ಯಾಕೆ ಚುಚ್ಚುತ್ತೆ ಅಂದರೆ, ಇದನ್ನ ನಾನು ಹತ್ತಿರದಿಂದ ನೋಡಿದ್ದೀನಿ. ನನ್ನ ಮೊದಲ ಕೆಲಸದಲ್ಲಿ ನಮ್ಮ ಟೀಮಿನ ಟೆಸ್ಟಿಂಗ್ ನೋಡಿಕೊಳ್ತಿದ್ದ ಮೇಡಂ ಒಬ್ಬರಿದ್ದರು, ಕಾಂಟ್ರಾಕ್ಟ್ ಮೇಲೆ ಬಂದವರು. ಬಿಲ್ಲಿಂಗ್ ಲೆಕ್ಕದಲ್ಲಿ ಪೈಸೆ ರೌಂಡಿಂಗ್ ತಪ್ಪಾಗ್ತಿದೆ, ನಾನು ಸೈನ್ ಆಫ್ ಮಾಡಲ್ಲ ಅಂತ ಕೂತರು. ಆ ಕೋಡು ಬರೆದವನು ನಾನು. ರಿಲೀಸ್ ದಿನ ಹತ್ತಿರ ಇತ್ತು. ಕೋಡು ಬರೆಯುವವರಿಗೂ ಅದನ್ನ ತೂಗುವವರಿಗೂ ಒಬ್ಬನೇ ಮ್ಯಾನೇಜರ್. ರಿಲೀಸ್ ಹೋಯ್ತು, ಅವರ ಸಹಿ ಇಲ್ಲದೆಯೇ. ಯಾರೂ ಅವರನ್ನ ಕೆಲಸದಿಂದ ತೆಗೀಲಿಲ್ಲ. ಎರಡು ತಿಂಗಳಾದ ಮೇಲೆ ಕಾಂಟ್ರಾಕ್ಟ್ ರಿನ್ಯೂ ಆಗಲಿಲ್ಲ. ಕೇಕ್ ಕತ್ತರಿಸಿದೆವು. ಕಾರ್ಡಿನ ಮೇಲೆ ನಾನೂ 'ಆಲ್ ದಿ ಬೆಸ್ಟ್ ಮೇಡಂ' ಅಂತ ಬರೆದೆ. ತಪ್ಪು ಅವರದ್ದಲ್ಲ, ನನ್ನ ಕೋಡಿನದ್ದು ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಪ್ರೊಬೇಷನ್‌ನಲ್ಲಿದ್ದೆ ನೋಡಿ! ಮುಂದಿನ ಕ್ವಾರ್ಟರಿನಲ್ಲಿ ಗ್ರಾಹಕರಿಂದ ಅದೇ ಬಗ್ ವಾಪಸ್ ಬಂತು. ರಾತ್ರಿ ಕೂತು ಸರಿ ಮಾಡಿದವನೂ ನಾನೇ. ಅವರಿಗೆ ಫೋನ್ ಮಾಡಿ "ನೀವು ಹೇಳಿದ್ದು ಸರಿ ಇತ್ತು" ಅಂತ ಹೇಳೋಕೆ ಇವತ್ತಿನವರೆಗೂ ಆಗಿಲ್ಲ.

ಅವರ ನಂತರ ಬಂದ ಟೆಸ್ಟರ್ ಯಾವ ರಿಲೀಸನ್ನೂ ನಿಲ್ಲಿಸಲಿಲ್ಲ. ಪಾಪ, ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಖಾಲಿ ಕುರ್ಚಿಯೇ ಎಲ್ಲ ಹೇಳಿತ್ತು.

ವಿಶ್ವಸಂಸ್ಥೆ ಮಾಡಿದ್ದೂ ಅದನ್ನೇ. ಅದಕ್ಕೆ ದಾರಿ ಇರಲಿಲ್ಲ ಅಂತಲ್ಲ. ಮಲೇಷ್ಯಾದ ವಕೀಲ ಪರಂ ಕುಮಾರಸ್ವಾಮಿ ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದಾಗ, ಒಂದು ಸಂದರ್ಶನದಲ್ಲಿ ಆಡಿದ ಮಾತಿಗೆ ಅವರದೇ ದೇಶದಲ್ಲಿ ಮಾನನಷ್ಟ ಮೊಕದ್ದಮೆಗಳು ಬಿದ್ದವು. ಆಗ ವಿಶ್ವಸಂಸ್ಥೆ ಸುಮ್ಮನಿರಲಿಲ್ಲ. 1946ರ ಒಪ್ಪಂದದಲ್ಲೇ ಇರುವ ದಾರಿ ಹಿಡಿದು ಅಂತಾರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿತು. 1999ರ ಏಪ್ರಿಲ್ 29ರಂದು ಉತ್ತರ ಬಂತು: ಅವರಿಗೆ ವಿನಾಯಿತಿ ಇದೆ, ಮಲೇಷ್ಯಾ ಅದನ್ನ ಗೌರವಿಸಬೇಕಿತ್ತು. ಗಮನಿಸಿ, ಅಲ್ಲೂ "ನಮ್ಮ ಪ್ರಜೆ" ಅನ್ನೋದು ನಡೀಲಿಲ್ಲ. ಒಬ್ಬ ವರದಿಗಾರನಿಗಾಗಿ ಹೇಗ್‌ವರೆಗೆ ಹೋದವರು, ಒಬ್ಬ ಜಡ್ಜಿಗಾಗಿ ಹೋಗಲಿಲ್ಲ. ಯಾಕೆ?

ಕೊನೆಗೆ ಅಕಾಯ್ ತಾನೇ ಹೋಗಿದ್ದ ದಾರಿ ಫಲ ಕೊಟ್ಟಿತು. 2024ರ ಏಪ್ರಿಲ್ 23ರಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ಪೀಠದ ಕೆಲಸದಲ್ಲಿದ್ದ ಅಷ್ಟೂ ಕಾಲ ಅವರಿಗೆ ಪೂರ್ತಿ ರಾಜತಾಂತ್ರಿಕ ವಿನಾಯಿತಿ ಇತ್ತು, ಸ್ವಂತ ಮನೆಯಿಂದ ಕೆಲಸ ಮಾಡುತ್ತಿದ್ದರೂ ಇತ್ತು, ಬಂಧಿಸಿದ್ದೂ ಮನೆ ಶೋಧಿಸಿದ್ದೂ ತಪ್ಪು ಅಂತ ತೀರ್ಪು ಕೊಟ್ಟಿತು. ಬಂಧನ ಆಗಿ ಏಳೂವರೆ ವರ್ಷ! ಶಿಕ್ಷೆಯ ಅವಧಿಯಷ್ಟೇ ಉದ್ದ. ಕುರ್ಚಿ ಹೋಗಿ ಆಗಲೇ ಸುಮಾರು ಆರು ವರ್ಷವಾಗಿತ್ತು.

ಇದು ಹಳೇ ಕಥೆ ಅಂದುಕೊಳ್ಳಬೇಡಿ. 2023ರ ಮಾರ್ಚಿನಲ್ಲಿ ಐಸಿಸಿ ಪುಟಿನ್ ವಿರುದ್ಧ ವಾರಂಟ್ ಹೊರಡಿಸಿತು. ರಷ್ಯಾ ತಿರುಗಿ ಆ ಕೋರ್ಟಿನ ಪ್ರಾಸಿಕ್ಯೂಟರ್, ಜಡ್ಜುಗಳನ್ನೇ ತನ್ನ 'ಬೇಕಾಗಿದ್ದಾರೆ' ಪಟ್ಟಿಗೆ ಹಾಕಿತು. 2025ರಲ್ಲಿ ಅಮೆರಿಕ ಜೂನ್‌ನಲ್ಲಿ ನಾಲ್ವರು, ಆಗಸ್ಟಿನಲ್ಲಿ ಇನ್ನಿಬ್ಬರು ಐಸಿಸಿ ಜಡ್ಜುಗಳ ಮೇಲೆ ನಿರ್ಬಂಧ ಹಾಕಿತು. ಅವರಲ್ಲೊಬ್ಬರಾದ ಫ್ರಾನ್ಸಿನ ನಿಕೊಲಾ ಗಿಯು, ಅಮೆರಿಕನ್ ಕಂಪನಿಗಳಲ್ಲಿದ್ದ ತಮ್ಮ ಖಾತೆಗಳೆಲ್ಲ ಬಂದ್ ಆದವು, ಫ್ರಾನ್ಸಿನೊಳಗೇ ಇರೋ ಹೋಟೆಲಿಗೆ ಮಾಡಿದ್ದ ಬುಕಿಂಗ್ ಕೂಡ ಕ್ಯಾನ್ಸಲ್ ಆಯ್ತು ಅಂತ ಹೇಳಿಕೊಂಡರು. ಪೊಲೀಸ್ ಬೇಡ, ಜೈಲು ಬೇಡ. ಒಂದು ಡೇಟಾಬೇಸಿನಲ್ಲಿ ಹೆಸರು ಸೇರಿಸಿದರೆ ಸಾಕು, ಮನುಷ್ಯ ಅರ್ಧ ಇಲ್ಲವಾಗ್ತಾನೆ. ಆ ಡೇಟಾಬೇಸಿನ ಕೋಡು ಬರೆಯೋರು ನನ್ನ ನಿಮ್ಮಂಥವರೇ. 1946ರಲ್ಲಿ ವಿನಾಯಿತಿ ಬರೆದವರಿಗೆ ಕೈಕೋಳ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಐಸಿಸಿ ತೀರ್ಪುಗಳು ನಿಮಗೆ ಇಷ್ಟವಾಗದಿರಬಹುದು. ಅಮೆರಿಕ, ರಷ್ಯಾದ ಹಾಗೆ ಭಾರತವೂ ಅದರ ಸದಸ್ಯ ಅಲ್ಲ. ಆದರೆ ತೀರ್ಪಿಗೆ ಉತ್ತರ ವಾದ. ಜಡ್ಜಿನ ಬ್ಯಾಂಕ್ ಕಾರ್ಡ್ ಅಲ್ಲ.

ಹಾಗಿದ್ರೆ ಏನು ಮಾಡಬೇಕು? ನನ್ನ ಬುದ್ಧಿಗೆ ತೋಚಿದ್ದು ಎರಡೇ. ಒಂದು, ಅಂತಾರಾಷ್ಟ್ರೀಯ ಜಡ್ಜುಗಳಿಗೆ ಉದ್ದದ ಒಂದೇ ಅವಧಿ ಕೊಟ್ಟು ರಿನ್ಯೂವಲ್ ಅನ್ನೋದನ್ನೇ ತೆಗೀಬೇಕು. ಐಸಿಸಿಯಲ್ಲಿ ಒಂಬತ್ತು ವರ್ಷ, ಮತ್ತೆ ಸ್ಪರ್ಧಿಸುವಂತಿಲ್ಲ. ಅದು ಸರಿಯಾದ ಡಿಸೈನ್. ಎರಡು, ಜಡ್ಜೊಬ್ಬರ ವಿನಾಯಿತಿ ಮುರಿದಾಗ ಹೇಗ್‌ನ ಅಭಿಪ್ರಾಯ ಕೇಳೋದು ಯಾರದೋ ಮರ್ಜಿಗೆ ಬಿಟ್ಟ ವಿಷಯ ಆಗಬಾರದು, ತಾನಾಗೇ ನಡೀಬೇಕು. ಅಲ್ಲಿಯವರೆಗೆ ಆ ಜಡ್ಜನ್ನು ಪಟ್ಟಿಯಿಂದ ಬಿಡಬಾರದು.

ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ 1952ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದ ಜಡ್ಜ್ ಆದರು. ಅವರಿಗೂ ಇದೇ ರಕ್ಷಣೆ ಇತ್ತು, ಆ ಕೋರ್ಟಿನ ಶಾಸನದ 19ನೇ ವಿಧಿಯಲ್ಲಿ. ಅದನ್ನ ಯಾರೂ ತಮಾಷೆ ಅನ್ನಲಿಲ್ಲ. ನಾಳೆ ನಮ್ಮೂರಿನವರೇ ಇನ್ನೊಬ್ಬರು ಅಲ್ಲಿ ಕೂತು ನಮ್ಮ ಸರ್ಕಾರಕ್ಕೆ ಹಿಡಿಸದ ತೀರ್ಪು ಕೊಟ್ಟರೆ, ರಜೆಗೆ ಊರಿಗೆ ಬಂದಾಗ ಅವರ ಮನೆ ಬಾಗಿಲು ತಟ್ಟೋರು ಯಾರು? ಆಗ ನಾವು ಯಾರ ಕಡೆ ನಿಲ್ತೀವಿ?

ಗೆಳೆಯನಿಗೆ ಈ ಲಿಂಕ್ ಕಳಿಸ್ತಿದ್ದೀನಿ. ನಾಳೆ ಊಟಕ್ಕೆ ಅವನದ್ದೇ ಖರ್ಚು :)

ಇನ್ನೊಂದು ಕೆಲಸ ಬಾಕಿ ಇದೆ. ಆ ಮೇಡಂ ನಂಬರು ನನ್ನ ಹತ್ತಿರ ಇನ್ನೂ ಇದೆ. ಪೋಸ್ಟ್ ಪಬ್ಲಿಷ್ ಮಾಡಿ ಅವರಿಗೆ ಫೋನ್ ಮಾಡ್ತೀನಿ.

ನೀವೇನಂತೀರಿ? ಒಪ್ಪದಿದ್ದರೆ ಕಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ಅದಕ್ಕೆ ನನಗ್ಯಾವ ವಿನಾಯಿತಿಯೂ ಇಲ್ಲ.